ಅಪ್‌ಡೇಟ್: ಕೇಬಲ್ ಉಲ್ಟಾ ಕೊಟ್ಟಿದ್ದ ಕಾರು ಮತ್ತೆ ಓಡ್ತಿದೆ
ಜಂಪ್ ಸ್ಟಾರ್ಟ್ (ಬೇರೆ ಬ್ಯಾಟರಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್) ಮಾಡುವಾಗ ಪ್ಲಸ್ ಮೈನಸ್ ಅದಲುಬದಲಾಗಿ, ಕಿಡಿ ಹಾರಿ, ಕಾರಲ್ಲಿ ಒಂದು ದೀಪವೂ ಹತ್ತುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆ. ನೀವು ಹೇಳಿದ ಹಾಗೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ ಮೇನ್ ಫ್ಯೂಸ್ ನೋಡಿದೆ. ಒಳಗಿನ ಪಟ್ಟಿ ಕರಗಿ ಎರಡು ತುಂಡಾಗಿತ್ತು, ಸುತ್ತ ಕಪ್ಪು ಮಸಿ. ಅಷ್ಟೇ ಆಂಪಿಯರ್‌ನದು ಹೊಸದು ಹಾಕಿ, ಬ್ಯಾಟರಿ ಚಾರ್ಜ್ ಮಾಡಿಸಿ ಕೂರಿಸಿದೆ. ಗಾಡಿ ಸ್ಟಾರ್ಟ್ ಆಯ್ತು!

ಆದರೆ ಕೆಂಪು ಬ್ಯಾಟರಿ ದೀಪ ಆರಲೇ ಇಲ್ಲ. ಇಂಜಿನ್ ಓಡುವಾಗ ಮಲ್ಟಿಮೀಟರ್ ಹಿಡಿದರೆ ಬರೀ 12.1 ವೋಲ್ಟ್, 14ರ ಆಸುಪಾಸು ಇರಬೇಕಿತ್ತು. ಅಂದ್ರೆ ಬ್ಯಾಟರಿ ಚಾರ್ಜ್ ಆಗ್ತಿರಲಿಲ್ಲ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಸುಟ್ಟಿದ್ದವು. ಎಲೆಕ್ಟ್ರಿಷಿಯನ್ ಅಣ್ಣ ಇಡೀ ಆಲ್ಟರ್ನೇಟರ್ ಬದಲಿಸದೆ ಡಯೋಡ್ ಪ್ಲೇಟ್ ಮಾತ್ರ ಹಾಕಿಕೊಟ್ಟರು, ಪುಣ್ಯಾತ್ಮ. ಈಗ 14.2 ತೋರಿಸ್ತಿದೆ. ಸ್ಟೀರಿಯೊ ಇನ್ನೂ ಮಾತಾಡ್ತಿಲ್ಲ, ಅದರ ಫ್ಯೂಸ್ ಭಾನುವಾರ ನೋಡ್ತೀನಿ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.