ಅಪ್‌ಡೇಟ್: ವಿಎಂನ ಸಿಪಿಯು ಎಪಿಐ ಸೊನ್ನೆ ತೋರಿಸುತ್ತಿದ್ದದ್ದು ಸರಿಹೋಯಿತು

ಮೂಲ ಪ್ರಶ್ನೆ ಇದು: ಲಿನಕ್ಸ್ ವಿಎಂನಲ್ಲಿ (ವರ್ಚುವಲ್ ಯಂತ್ರ) ಫ್ಲಾಸ್ಕ್ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಮತ್ತು ಪಿಎಸ್‌ಯುಟಿಲ್ (ಸಿಸ್ಟಂ ಬಳಕೆ ಅಳೆಯುವ ಪೈಥಾನ್ ಲೈಬ್ರರಿ) ಬಳಸಿ ಬರೆದ ಎಪಿಐ (ಬೇರೆ ಪ್ರೋಗ್ರಾಂಗಳು ಕೇಳಿದಾಗ ಮಾಹಿತಿ ಕೊಡುವ ಸೇವೆ), ಸಿಪಿಯು ಬಳಕೆಯನ್ನು ಒಮ್ಮೆ 0.0, ಇನ್ನೊಮ್ಮೆ 100 ಎಂದು ಕೊಡುತ್ತಿತ್ತು. ಉತ್ತರಿಸಿದ ಎಲ್ಲರಿಗೂ ಧನ್ಯವಾದ, ಕಾರಣ ಸಿಕ್ಕಿದೆ.

ಇಂಟರ್ವಲ್ (ಎಷ್ಟು ಸೆಕೆಂಡ್ ಅಳೆಯಬೇಕು ಎಂಬುದು) ಕೊಡದೆ ಕರೆದರೆ ಪಿಎಸ್‌ಯುಟಿಲ್‌ನ ಸಿಪಿಯು ಪರ್ಸೆಂಟ್ (cpu_percent) ಫಂಕ್ಷನ್ ಹಿಂದಿನ ಕರೆಯಿಂದ ಈಗಿನವರೆಗಿನ ವ್ಯತ್ಯಾಸವನ್ನು ಲೆಕ್ಕ ಹಾಕುತ್ತದೆ. ಮೊದಲ ಕರೆಗೆ ಹೋಲಿಸಲು ಏನೂ ಇರುವುದಿಲ್ಲ, ಹಾಗಾಗಿ 0.0. ಎಪಿಐ ಓಡಿಸುವ ಸರ್ವರ್ ಗನಿಕಾರ್ನ್‌ನ ಪ್ರತಿ ವರ್ಕರ್‌ಗೂ (ರಿಕ್ವೆಸ್ಟ್ ನಿಭಾಯಿಸುವ ಪ್ರೋಸೆಸ್) ತನ್ನದೇ ಹಿಂದಿನ ಲೆಕ್ಕವಿರುತ್ತದೆ. ಪಿಎಸ್‌ಯುಟಿಲ್‌ನ ಹೊಸ ಆವೃತ್ತಿಗಳಲ್ಲಂತೂ ಪ್ರತಿ ಥ್ರೆಡ್‌ಗೂ (ಪ್ರೋಸೆಸ್ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಬೇರೆ. ಎರಡು ರಿಕ್ವೆಸ್ಟ್‌ಗಳು 0.1 ಸೆಕೆಂಡಿಗಿಂತ ಹತ್ತಿರ ಬಂದರೆ ಅಂಕಿಯನ್ನು ನಂಬುವಂತಿಲ್ಲ. ರಿಕ್ವೆಸ್ಟ್ ಒಳಗೇ ಇಂಟರ್ವಲ್ 1 ಕೊಟ್ಟರೆ ಅಂಕಿ ಸರಿ ಬರುತ್ತದೆ, ಆದರೆ ಪ್ರತಿ ಉತ್ತರವೂ ಒಂದು ಸೆಕೆಂಡ್ ತಡ. ಅದು ಬೇಡ.

ಈಗ ಪ್ರತ್ಯೇಕ ಪ್ರೋಸೆಸ್ ಒಂದು 5 ಸೆಕೆಂಡಿಗೊಮ್ಮೆ ಅಳೆದು, ಸಮಯದ ಸಮೇತ ಜೇಸನ್ ಫೈಲಿಗೆ ಬರೆಯುತ್ತದೆ. ಎಪಿಐ ಅದನ್ನು ಓದಿ ಕೊಡುತ್ತದೆ ಅಷ್ಟೇ. ನೇರವಾಗಿ ಬರೆಯಬೇಡಿ, ತಾತ್ಕಾಲಿಕ ಫೈಲಿಗೆ ಬರೆದು ರೀನೇಮ್ ಮಾಡಿ. ಇಲ್ಲದಿದ್ದರೆ ಅರ್ಧ ಬರೆದ ಜೇಸನ್ ಓದಿ ಎಪಿಐ 500 ಎರರ್ ಕೊಡುತ್ತದೆ. ಸಮಯ 15 ಸೆಕೆಂಡಿಗಿಂತ ಹಳೆಯದಾದರೆ 503 (ಸೇವೆ ಸದ್ಯ ಲಭ್ಯವಿಲ್ಲ ಎಂಬ ಎರರ್) ಕಳಿಸುವಂತೆ ಮಾಡಿದ್ದೇನೆ. ಹಳೆಯ ಅಂಕಿಗಿಂತ ಎರರ್ರೇ ಮೇಲು.

ಇನ್ನೊಂದು ಮುಖ್ಯ ವಿಷಯ: ಸ್ಟೀಲ್. ನಮ್ಮ ವಿಎಂ ಕಾಯುತ್ತಿರುವಾಗ ಹೋಸ್ಟ್ (ವಿಎಂಗಳು ಓಡುವ ಅಸಲಿ ಯಂತ್ರ) ಬೇರೆ ವಿಎಂಗಳಿಗೆ ಕೊಟ್ಟ ಈ ಸಮಯವನ್ನೂ ಪಿಎಸ್‌ಯುಟಿಲ್ ಬಳಕೆಯಾಗಿಯೇ ಎಣಿಸುತ್ತದೆ. ಶೇಕಡಾವಾರು ಹೆಚ್ಚಿದ್ದು, ಟಾಪ್‌ನಲ್ಲಿ (ಓಡುತ್ತಿರುವ ಪ್ರೋಸೆಸ್‌ಗಳನ್ನು ತೋರಿಸುವ ಕಮಾಂಡ್) ಅಷ್ಟು ಕೆಲಸ ಮಾಡುವ ಪ್ರೋಸೆಸ್ ಕಾಣದಿದ್ದರೆ ಮೊದಲು ಇದನ್ನೇ ನೋಡಿ. ಲಿನಕ್ಸ್ ಸಿಪಿಯು ಲೆಕ್ಕ ಇಡುವ ಪ್ರಾಕ್ ಸ್ಟ್ಯಾಟ್ (/proc/stat) ಫೈಲಿನ ಮೊದಲ ಸಾಲಿನಲ್ಲಿ 8ನೇ ಸಂಖ್ಯೆ ಅದು; ಬೂಟ್ ಆದಾಗಿನಿಂದಿನ ಒಟ್ಟು ಆದ್ದರಿಂದ ಎರಡು ಓದುಗಳ ವ್ಯತ್ಯಾಸ ತೆಗೆಯಬೇಕು. ಎಪಿಐನಲ್ಲಿ ಅದಕ್ಕೆ ಬೇರೆ ಫೀಲ್ಡ್ ಇಟ್ಟಿದ್ದೇನೆ.