ಸಹಾಯ ಬೇಕು: ಜರ್ಮನಿ, ಸ್ವೀಡನ್, ನೆದರ್‌ಲ್ಯಾಂಡ್ಸ್‌ನಲ್ಲಿ ಇರುವವರು ‘ಗಿಫ್ಟ್’ ಬಗ್ಗೆ ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಗೋಡೆ ಪತ್ರಿಕೆಗೆ ‘ಗಿಫ್ಟ್’ ಪದದ ಬಗ್ಗೆ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಅದು ಉಡುಗೊರೆ, ಜರ್ಮನ್‌ನಲ್ಲಿ ವಿಷ. ಸ್ವೀಡಿಷ್, ಡ್ಯಾನಿಷ್, ನಾರ್ವೇಜಿಯನ್ ಭಾಷೆಗಳಲ್ಲಿ ವಿಷವೂ ಹೌದು, ‘ಮದುವೆಯಾದ’ ಅನ್ನುವ ಅರ್ಥವೂ ಇದೆ!

ಎಲ್ಲದರ ಮೂಲ ಒಂದೇ, ‘ಕೊಡು’ ಎನ್ನುವ ಹಳೆಯ ಜರ್ಮಾನಿಕ್ ಧಾತು. ಮದುವೆಯ ಅರ್ಥ ನಮಗೆ ಬೇಗ ಹೊಳೆಯುತ್ತದೆ. ನಾವೂ ‘ಮಗಳನ್ನು ಮೈಸೂರಿಗೆ ಕೊಟ್ಟಿದ್ದೇವೆ’ ಅಂತೀವಲ್ವಾ? ಹಳೆಯ ಇಂಗ್ಲಿಷಿನಲ್ಲೂ ಈ ಪದಕ್ಕೆ ವಧುವಿಗಾಗಿ ಕೊಡುವ ತೆರ ಎಂಬ ಅರ್ಥವಿತ್ತು. ವಿಷದ ದಾರಿ ಇನ್ನೂ ಸೊಗಸು. ಗ್ರೀಕಿನ ‘ಡೋಸಿಸ್’ ಅಂದರೆ ಕೊಡುವುದು. ಅದೇ ಲ್ಯಾಟಿನ್‌ನಲ್ಲಿ ಔಷಧಿಯ ಅಳತೆಯಾಯಿತು. ನಾವು ಹೇಳುವ ‘ಡೋಸ್’ ಅದೇ. ಅದರ ಪ್ರಭಾವದಿಂದ ಜರ್ಮನ್ ‘ಗಿಫ್ಟ್’ ಕೊಟ್ಟ ಮದ್ದಾಯಿತು, ಆಮೇಲೆ ವಿಷವಾಯಿತು. ಹಳೆಯ ಅರ್ಥ ‘ಮಿಟ್‌ಗಿಫ್ಟ್’ನಲ್ಲಿ ಉಳಿದಿದೆ, ಅಂದರೆ ಮದುಮಗಳಿಗೆ ತವರಿನವರು ಕೊಡುವ ಆಸ್ತಿ, ಹಣ.

ಈಗ ನನ್ನ ಪ್ರಶ್ನೆಗಳು. ಜರ್ಮನಿಯಲ್ಲಿ ‘ಮಿಟ್‌ಗಿಫ್ಟ್’ ಪದವನ್ನು ಈಗಿನ ಯುವಕರು ಬಳಸುತ್ತಾರಾ? ಸ್ವೀಡನ್‌ನಲ್ಲಿ ಎರಡೂ ಅರ್ಥಕ್ಕೆ ‘ಯಿಫ್ಟ್’ ಅಂತಲೇ ಹೇಳುತ್ತಾರಲ್ಲ, ಜನ ಅದನ್ನಿಟ್ಟುಕೊಂಡು ತಮಾಷೆ ಮಾಡುತ್ತಾರಾ? ಡಚ್‌ನಲ್ಲಿ ‘ಗಿಫ್ಟ್’ ಅಂದರೆ ದಾನ, ಕೊಡುಗೆ, ವಿಷಕ್ಕೆ ‘ಗಿಫ್’. ಹುಟ್ಟುಹಬ್ಬದ ಉಡುಗೊರೆಗೆ ಜಾಸ್ತಿ ‘ಕಾಡೊ’ ಅಂತಾರಲ್ಲ, ಹಾಗಾದರೆ ಮಾತಿನಲ್ಲಿ ‘ಗಿಫ್ಟ್’ ಯಾವಾಗ ಬರುತ್ತದೆ?

ಯಾರಾದರೂ ಈ ಪದದ ಉಚ್ಚಾರಣೆಯನ್ನು ರೆಕಾರ್ಡ್ ಮಾಡಿ ಕಳಿಸಿದರೆ ಮಕ್ಕಳಿಗೆ ಕೇಳಿಸುತ್ತೇನೆ. ಅಂಗಡಿಯಲ್ಲಿ ‘ಗಿಫ್ಟ್’ ಅಂತ ಬರೆದ ಇಲಿ ಪಾಷಾಣದ ಡಬ್ಬಿ ಕಂಡರೆ ಒಂದು ಫೋಟೊ ಕೂಡ ಬೇಕು.