ಕೀಲುದ್ರವದಲ್ಲಿ ಕಾಂಪ್ ಎಲಿಸಾ: ಡೈಲ್ಯೂಷನ್ ಬದಲಿಸಿದರೆ ಫಲಿತಾಂಶವೂ ಬದಲಾಗುವುದೇಕೆ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ)

ಮಾನ್ಯರೇ, ಮೊಣಕಾಲಿನ ಸಂಧಿವಾತವಿರುವವರ ಸೀರಮ್ ಮತ್ತು ಕೀಲುದ್ರವಗಳಲ್ಲಿ ಕಾರ್ಟಿಲೇಜ್ ಆಲಿಗೋಮೆರಿಕ್ ಮ್ಯಾಟ್ರಿಕ್ಸ್ ಪ್ರೋಟೀನ್, ಅಂದರೆ ಮೃದ್ವಸ್ಥಿಯ ಪ್ರೋಟೀನಾದ ಕಾಂಪ್, ಎಷ್ಟಿದೆಯೆಂದು ಸ್ಯಾಂಡ್‌ವಿಚ್ ಎಲಿಸಾ (ಪ್ರೋಟೀನನ್ನು ಎರಡು ಪ್ರತಿಕಾಯಗಳ ನಡುವೆ ಹಿಡಿದು ಬಣ್ಣದಿಂದ ಅಳೆಯುವ ವಿಧಾನ) ಕಿಟ್‌ನಿಂದ ಅಳೆಯುತ್ತಿದ್ದೇನೆ. ಸೀರಮ್‌ನಲ್ಲಿ ತೊಂದರೆಯಿಲ್ಲ. ಆದರೆ ಡೈಲ್ಯೂಷನ್ (ತೆಳುಗೊಳಿಸಿದ ಪಟ್ಟು) ಗುಣಿಸಿದ ಮೇಲೂ, ಕೀಲುದ್ರವವನ್ನು 50 ಪಟ್ಟು ತೆಳುಗೊಳಿಸಿದಾಗ ಬರುವ ಲೆಕ್ಕಕ್ಕಿಂತ 500 ಪಟ್ಟು ತೆಳುಗೊಳಿಸಿದಾಗ ಬರುವ ಲೆಕ್ಕ ಬಹಳ ಹೆಚ್ಚಾಗಿರುತ್ತದೆ. ಯಾವುದನ್ನು ನಂಬಬೇಕು? ಇದೇ ಮಾದರಿಗಳಲ್ಲಿ ಹಯಲುರೊನನ್ (ಉದ್ದನೆಯ ಸಕ್ಕರೆ ಸರಪಳಿಯ ಅಣು) ಅಳೆಯಲು ತಂದ ಕಿಟ್‌ನಲ್ಲಿ ಪ್ರತಿಕಾಯದ ಬದಲು ‘ಬಂಧಕ ಪ್ರೋಟೀನ್’ ಇದೆ. ಅದೂ ಸರಿಯೇ?

ಉತ್ತರ 1

ಸದ್ಯಕ್ಕೆ ಎರಡನ್ನೂ ನಂಬಬೇಡಿ. ಕಿಟ್‌ನ ಕೈಪಿಡಿಯಲ್ಲಿ ಸೀರಮ್ ಮತ್ತು ಪ್ಲಾಸ್ಮಾ ಎಂದಷ್ಟೇ ಬರೆದಿದ್ದರೆ, ಕೀಲುದ್ರವಕ್ಕೂ ಅದು ಒಗ್ಗುತ್ತದೆಯೆಂದು ತೋರಿಸುವ ಹೊಣೆ ನಿಮ್ಮದೇ. ಆರೋಗ್ಯವಂತರ ಕೀಲುದ್ರವದ ಪ್ರತಿ ಮಿಲಿಲೀಟರಿನಲ್ಲಿ ಸುಮಾರು 2ರಿಂದ 4 ಮಿಲಿಗ್ರಾಂ ಹಯಲುರೊನನ್ ಇರುವುದರಿಂದ ಅದು ಅಂಟಂಟಾಗಿ ಎಳೆಯೆಳೆಯಾಗಿ ಜೋತುಬೀಳುತ್ತದೆ; ಪಿಪೆಟ್ ತುದಿಯ ಒಳಗೋಡೆಗೆ ಒಂದಷ್ಟು ಉಳಿದುಬಿಡುತ್ತದೆ, ಪ್ರತಿಕಾಯಕ್ಕೂ ಕಾಂಪ್ ಸುಲಭವಾಗಿ ಸಿಗುವುದಿಲ್ಲ. ಹೀಗಾಗಿ ಮಾದರಿಯನ್ನು ಸೆಂಟ್ರಿಫ್ಯೂಜ್ ಮಾಡಿ, 37 ಡಿಗ್ರಿಯಲ್ಲಿ ಹಯಲುರೊನನ್ ಕತ್ತರಿಸುವ ಕಿಣ್ವವಾದ ಹಯಲುರೊನಿಡೇಸ್‌ನಿಂದ ಸಂಸ್ಕರಿಸಿ, ಆಮೇಲೆ ತೆಳುಗೊಳಿಸಿ. ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಮೂಲದ ಕಿಣ್ವ ಹಯಲುರೊನನ್ನನ್ನು ಮಾತ್ರ ಕತ್ತರಿಸುತ್ತದೆ. ಗೂಳಿಯ ವೃಷಣದಿಂದ ತೆಗೆದದ್ದು ಮೃದ್ವಸ್ಥಿಯ ಇನ್ನೊಂದು ಸಕ್ಕರೆ ಸರಪಳಿಯಾದ ಕಾಂಡ್ರಾಯ್ಟಿನ್ ಸಲ್ಫೇಟಿಗೂ ಕೈಹಾಕುತ್ತದೆ. ಕಿಣ್ವ ಮಾತ್ರ ಇರುವ ಒಂದು ವೆಲ್ (ಪ್ಲೇಟ್‌ನ ಕುಳಿ) ಇಡುವುದನ್ನು ಮರೆಯಬೇಡಿ.

ಆ ನಂತರವೂ ಕಡಿಮೆ ಡೈಲ್ಯೂಷನ್‌ನಲ್ಲಿ ಲೆಕ್ಕ ಕುಸಿದರೆ ಹುಕ್ ಪರಿಣಾಮವನ್ನು ಶಂಕಿಸಿ: ಪ್ರತಿಜನಕ (ಪ್ರತಿಕಾಯ ಹಿಡಿಯುವ ಅಣು, ಇಲ್ಲಿ ಕಾಂಪ್) ಅತಿಯಾದಾಗ, ಮುಖ್ಯವಾಗಿ ಮಾದರಿ ಮತ್ತು ಮೇಲಿನ ಪ್ರತಿಕಾಯವನ್ನು ಒಟ್ಟಿಗೇ ಹಾಕುವ ಒಂದೇ ಹಂತದ ಕಿಟ್‌ಗಳಲ್ಲಿ, ಸಂಕೇತ ಏರುವ ಬದಲು ಇಳಿಯುತ್ತದೆ. ತಿಳಿದ ಪ್ರಮಾಣದ ಕಾಂಪ್ ಬೆರೆಸಿ ಅಳೆದಾಗ ಅದರ ಶೇ. 80ರಿಂದ 120ರಷ್ಟು ಮರಳಿ ಸಿಗುವ, ಅಕ್ಕಪಕ್ಕದ ಡೈಲ್ಯೂಷನ್‌ಗಳ ಲೆಕ್ಕವೂ ಹೊಂದುವ ವ್ಯಾಪ್ತಿಯನ್ನು ಆರಿಸಿಕೊಳ್ಳಿ.

ಉತ್ತರ 2

ಹಯಲುರೊನನ್ ಕಿಟ್ ಬಗ್ಗೆ ಚಿಂತೆ ಬೇಡ. ಈ ಅಣುವಿನ ರಚನೆ ಎಲ್ಲ ಸಸ್ತನಿಗಳಲ್ಲಿಯೂ ಒಂದೇ ಆಗಿರುವುದರಿಂದ ಅದರ ವಿರುದ್ಧ ಒಳ್ಳೆಯ ಪ್ರತಿಕಾಯ ಬೆಳೆಸುವುದು ಬಹಳ ಕಷ್ಟ. ಅದಕ್ಕಾಗಿಯೇ ಅಗ್ರಿಕಾನ್‌ನಂತಹ, ಅದನ್ನು ಸಹಜವಾಗಿಯೇ ಹಿಡಿಯುವ ಪ್ರೋಟೀನ್‌ಗಳನ್ನು ಬಳಸುತ್ತಾರೆ. ಆದರೆ ಮೇಲೆ ಹೇಳಿದ ಕಿಣ್ವ ಸಂಸ್ಕರಣೆಯನ್ನು ಈ ಅಳತೆಗೆ ಮೀಸಲಿಟ್ಟ ಭಾಗಕ್ಕೆ ಮಾಡಿದರೆ ಅಳೆಯಲು ಏನೂ ಉಳಿಯದು. ಮೊದಲೇ ಎರಡು ಟ್ಯೂಬ್‌ಗಳಿಗೆ ಹಂಚಿಡಿ. ಸೀರಮ್ ಹಯಲುರೊನನ್ ಹೆಚ್ಚಿದ್ದರೆ ಅದನ್ನೆಲ್ಲ ಕೀಲಿನ ಖಾತೆಗೆ ಬರೆಯಲಾಗದು. ಅದನ್ನು ರಕ್ತದಿಂದ ತೆಗೆಯುವುದು ಬಹುಪಾಲು ಯಕೃತ್ತು, ಯಕೃತ್ತಿನ ಫೈಬ್ರೋಸಿಸ್ (ಕಲೆಗಟ್ಟುವಿಕೆ) ಇದ್ದವರಲ್ಲಿ ಅದು ಏರುತ್ತದೆ.

ಉತ್ತರ 3

ರೋಗಿಗಳಲ್ಲಿ ರುಮಟಾಯ್ಡ್ ಸಂಧಿವಾತದವರೂ ಇದ್ದಾರೆಯೇ? ಇದ್ದರೆ ರುಮಟಾಯ್ಡ್ ಫ್ಯಾಕ್ಟರ್ (ಬೇರೆ ಪ್ರತಿಕಾಯಗಳಿಗೇ ಅಂಟುವ ಪ್ರತಿಕಾಯ), ಕಾಂಪ್ ಇಲ್ಲದೆಯೂ, ತಳದ ಮತ್ತು ಮೇಲಿನ ಪ್ರತಿಕಾಯಗಳನ್ನು ಒಂದಕ್ಕೊಂದು ಬೆಸೆದು ಸುಳ್ಳು ಬಣ್ಣ ತರಿಸಬಹುದು. ಇದನ್ನು ತಡೆಯುವ ಬ್ಲಾಕಿಂಗ್ ದ್ರಾವಣ ಹಾಕಿದ ಮತ್ತು ಹಾಕದ ಜೋಡಿಗಳನ್ನು ಒಂದೇ ಪ್ಲೇಟ್‌ನಲ್ಲಿ ಓಡಿಸಿ, 450 ನ್ಯಾನೋಮೀಟರಿನ ಬಣ್ಣದ ಓದುಗಳನ್ನು ಹೋಲಿಸಿ. ಓಟದ ನಂತರ ಸೀರಮ್ ಕಾಂಪ್ ಏರುವುದೂ ತಿಳಿದ ಸಂಗತಿಯೇ ಆದ್ದರಿಂದ, ರಕ್ತ ತೆಗೆಯುವ ಮುನ್ನ ಎಲ್ಲರನ್ನೂ ಸಮಾನ ಹೊತ್ತು ಕೂರಿಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ರುಮಟಾಯ್ಡ್ ರೋಗಿಗಳೂ ಇದ್ದಾರೆ. ಉಳಿದ ಮಾದರಿಗಳನ್ನು ಈಗಲೇ ಕರಗಿಸದೆ, ಮೊದಲು ಕೆಲವರ ಕೀಲುದ್ರವವನ್ನು ಕೂಡಿಸಿ, ಕಿಣ್ವ ಹಾಕಿ ಮತ್ತು ಹಾಕದೆ ಡೈಲ್ಯೂಷನ್ ಸರಣಿ ನಡೆಸಿ ನೋಡುತ್ತೇನೆ.